ಸಂತೆಯಲ್ಲಿ ಸಿಕ್ಕ 1914–1918 ಪದಕ, ಮೇಲೆ ಫ್ರೀಮೇಸನ್ ಗುರುತು: ಇಂಥ ವಸ್ತುಗಳ ಕಥೆ ಗೊತ್ತಿದ್ದವರು ಹೇಳಿ

ಪೇಟೆ ಸುತ್ತಾಟ

ಎಲ್ಲರಿಗೂ ನಮಸ್ಕಾರ. ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ ಒಂದು ಪದಕ ತಗೊಂಡೆ. ಮಾರುವವರು "ಬ್ರಿಟಿಷ್ ಆಫೀಸರ್‌ದು ಸಾರ್, ಯುದ್ಧದಲ್ಲಿ ಶೌರ್ಯಕ್ಕೆ ಕೊಟ್ಟಿದ್ದು" ಅಂತ ಹೇಳಿ ಒಳ್ಳೇ ರೇಟೇ ಕೇಳಿದರು. ಶಿಲುಬೆ ಆಕಾರ ಇದೆ. ನಡುವೆ ರೆಕ್ಕೆ ಇರುವ ಒಂದು ಆಕೃತಿ, ಕೈಯಲ್ಲಿ ಗುಡಿಯಂಥ ಕಟ್ಟಡ. ಒಂದು ಕಡೆ 1914, ಇನ್ನೊಂದು ಕಡೆ 1918. ರಿಬ್ಬನ್ ಸಿಕ್ಕಿಸುವ ಜಾಗದಲ್ಲಿ ಮೂಲೆಮಟ್ಟ, ಕೈವಾರ. ಹಿಂದೆ ಒಬ್ಬರ ಹೆಸರು, ಜೊತೆಗೆ ಒಂದು ನಂಬರ್ ಕೆತ್ತಿದ್ದಾರೆ. ಹೆಸರು ಇಲ್ಲಿ ಹಾಕಲ್ಲ, ಅವರ ಮೊಮ್ಮಕ್ಕಳು ಎಲ್ಲೋ ಇರಬಹುದು.

ಮೂಲೆಮಟ್ಟ, ಕೈವಾರ ಅಂದರೆ ಫ್ರೀಮೇಸನ್, ಒಬ್ಬರನ್ನೊಬ್ಬರು ಬ್ರದರ್ ಅನ್ನುವ ಹಳೇ ಸಂಘದವರ ಗುರುತು ಅಂತ ಗೊತ್ತು. ಅದಕ್ಕೂ ಯುದ್ಧಕ್ಕೂ ಏನು ಸಂಬಂಧ?

ಥೇಮ್ಸ್ ದಂಡೆ

ಸರ್, ಅದು ಶೌರ್ಯ ಪದಕ ಅಲ್ಲ. ಚಂದಾ ಕೊಟ್ಟವರಿಗೆ ಕೊಟ್ಟದ್ದು. ಇಲ್ಲಿ ಲಂಡನ್ನಿನ ಹಳೇ ಸಾಮಾನಿನ ಅಂಗಡಿಗಳಲ್ಲೂ ಅದನ್ನ ಯುದ್ಧದ ಪದಕಗಳ ಜೊತೆಗೇ ಇಟ್ಟಿರುತ್ತಾರೆ. 1914, 1918 ಅಂತ ಕಂಡರೆ ಯಾರಿಗಾದರೂ ಹಾಗೇ ಅನ್ನಿಸುತ್ತೆ.

ಹೆಸರು 'ಹಾಲ್ ಸ್ಟೋನ್ ಜ್ಯುವೆಲ್'. ಮೊದಲ ಮಹಾಯುದ್ಧದಲ್ಲಿ ಸತ್ತ ಮೇಸನ್‌ಗಳ ನೆನಪಿಗೆ ಲಂಡನ್ನಿನ ಗ್ರೇಟ್ ಕ್ವೀನ್ ಸ್ಟ್ರೀಟಿನಲ್ಲಿ ದೊಡ್ಡ ಕಟ್ಟಡ ಕಟ್ಟೋಣ ಅಂತ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ತೀರ್ಮಾನ ಮಾಡಿತು (ಲಾಡ್ಜ್ ಅಂದರೆ ಮೇಸನ್‌ಗಳ ಸ್ಥಳೀಯ ಘಟಕ, ಅವುಗಳ ಮೇಲಿನ ಸಂಸ್ಥೆ ಗ್ರ್ಯಾಂಡ್ ಲಾಡ್ಜ್). ಅದಕ್ಕೆ ಒಂದು ನಿಧಿ ತೆರೆದರು, ಗುರಿ 10 ಲಕ್ಷ ಪೌಂಡ್. ಸದಸ್ಯ ಒಬ್ಬ 10 ಗಿನಿ ಕೊಟ್ಟರೆ ಬೆಳ್ಳಿ ಪದಕ, 100 ಗಿನಿ ಕೊಟ್ಟರೆ ಚಿನ್ನದ್ದು. ಗಿನಿ ಅಂದರೆ 21 ಶಿಲ್ಲಿಂಗ್. ಆ ಕಾಲಕ್ಕೆ 10 ಗಿನಿ ಸಣ್ಣ ದುಡ್ಡೇನೂ ಅಲ್ಲ.

ಕಟ್ಟಡದ ಕೆಲಸ 1927ರಲ್ಲಿ ಶುರುವಾಗಿ 1933ರಲ್ಲಿ ಮುಗಿಯಿತು. ಈಗಲೂ ಇದೆ, ಸಾರ್ವಜನಿಕರು ಒಳಗೆ ಹೋಗಿ ನೋಡಬಹುದು. ಒಳಗೆ ಒಂದು ಕಂಚಿನ ಪೆಟ್ಟಿಗೆ ಇದೆ. ಯುದ್ಧದಲ್ಲಿ ತೀರಿಕೊಂಡ 3,000ಕ್ಕೂ ಹೆಚ್ಚು ಸದಸ್ಯರ ಹೆಸರಿನ ಸುರುಳಿ ಅದರಲ್ಲಿದೆ. ನಿಮ್ಮ ಪದಕದ ರೆಕ್ಕೆಯ ಆಕೃತಿ ಶಾಂತಿಯದ್ದು. ಅದು ಹಿಡಿದಿರುವ ಗುಡಿ ಈ ಕಟ್ಟಡದ ಸಂಕೇತ.

ಹಿಂದಿನ ನಂಬರ್ ಲಾಡ್ಜ್ ನಂಬರ್. ಆಗ ಭಾರತದ ಎಷ್ಟೋ ಲಾಡ್ಜ್‌ಗಳು ಇಂಗ್ಲೆಂಡಿನ ಕೆಳಗೇ ಇದ್ದವು. ಹಾಗಾಗಿ ಭಾರತದಿಂದಲೂ ಚಂದಾ ಬಂದಿತ್ತು, ಪದಕ ಇಲ್ಲಿಂದ ಹೋಗಿತ್ತು.

ಬೆಳ್ಳಿ ಬಟ್ಟಲು

ದಯವಿಟ್ಟು ಅದನ್ನ ಹುಣಸೆಹಣ್ಣು ಹಾಕಿ ಉಜ್ಜಬೇಡಿ ಸರ್! ಪುಡಿ, ಪೇಸ್ಟ್ ಯಾವುದೂ ಬೇಡ. ಮೆತ್ತನೆ ಬಟ್ಟೆಯಲ್ಲಿ ಒರೆಸಿ ಸಾಕು. ಕೆತ್ತಿದ ಹೆಸರು ಸವೆದುಹೋದರೆ ಉಳಿಯೋದು ಬೆಳ್ಳಿ ತೂಕದ ಬೆಲೆ ಅಷ್ಟೇ. ಅಂಚಿನಲ್ಲೋ ಹಿಂದೆಯೋ ಸಣ್ಣ ಸಣ್ಣ ಮುದ್ರೆ ಇರುತ್ತವೆ, ಲೆನ್ಸ್ ಇಟ್ಟು ನೋಡಿ. ನಡೆಯುವ ಸಿಂಹ ಇದ್ದರೆ ಇಂಗ್ಲೆಂಡಿನ ಬೆಳ್ಳಿ. ಪಕ್ಕದಲ್ಲಿ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆ ತಲೆ ಇದ್ದರೆ ಲಂಡನ್. ಜೊತೆಗಿರುವ ಒಂಟಿ ಅಕ್ಷರ ವರ್ಷ ಹೇಳುತ್ತೆ.

ಮೇಸನ್ ಒಡವೆಯಲ್ಲಿ ಹೆಸರುವಾಸಿ ಅಂದರೆ ಥಾಮಸ್ ಹಾರ್ಪರ್. ಲಂಡನ್ನಿನ ಬೆಳ್ಳಿ ಕೆಲಸದವನು, 1832ರಲ್ಲಿ ತೀರಿಕೊಂಡ. ಅವನೇ ಸ್ವತಃ ದೊಡ್ಡ ಹುದ್ದೆಯಲ್ಲಿದ್ದ ಮೇಸನ್. ಅವನ ಗುರುತು ಇರುವ ವಸ್ತು ಸಂತೆಯಲ್ಲಿ ಸಿಕ್ಕರೆ ಮಾತಾಡದೆ ತಗೊಂಡು ಬನ್ನಿ.

ಸುಮ್ನೆ ಕೇಳ್ದೆ

ಇವರದ್ದೆಲ್ಲ ಸೀಕ್ರೆಟ್ ಅಲ್ವಾ? ಜಗತ್ತನ್ನ ಆಳ್ತಾರೆ, ಡಾಲರ್ ನೋಟಿನಲ್ಲಿ ಕಣ್ಣು ಇಟ್ಟಿದ್ದಾರೆ ಅಂತ ವಿಡಿಯೋ ನೋಡಿದೀನಿ. ಅಂಥವರ ಪದಕ ಮನೇಲಿ ಇಟ್ಕೋಬಹುದಾ?

ಮೈಸೂರು ಮೇಷ್ಟ್ರು

ಧಾರಾಳವಾಗಿ ಇಟ್ಟುಕೊಳ್ಳಿ. ಏನೂ ಆಗಲ್ಲ. ವಿಡಿಯೋ ಬಿಡಿ, ಇವರ ಬರವಣಿಗೆ ನೋಡಿ. ಯಾರು ಬಂದರು, ಯಾರು ಎಷ್ಟು ದುಡ್ಡು ಕೊಟ್ಟರು, ಯಾರಿಗೆ ದಂಡ ಬಿತ್ತು, ಯಾವ ಸಾಮಾನು ಯಾರ ಮನೆಯಲ್ಲಿದೆ, ಎಲ್ಲಾ ಬರೆದಿಟ್ಟಿದ್ದಾರೆ. ಎಡಿನ್‌ಬರೋದ ಒಂದು ಲಾಡ್ಜಿನ ಸಭೆಯ ನಡಾವಳಿ 1599ರಿಂದ ಇದೆ. ಆಗಿನ್ನೂ ಅವರು ನಿಜವಾದ ಕಲ್ಲು ಕೆಲಸದವರು. ಕಲ್ಲು ಮುಟ್ಟದ ದೊಡ್ಡ ಮನುಷ್ಯರು ಸೇರಿಕೊಂಡಿದ್ದು ಆಮೇಲೆ. ನಾಲ್ಕು ಲಾಡ್ಜ್ ಸೇರಿ ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ ಮಾಡಿದ್ದು 1717ರಲ್ಲಿ. ಗುಟ್ಟು ಕಾಪಾಡುವವರು ಇಷ್ಟೊಂದು ಲೆಕ್ಕ ಬರೆಯುತ್ತಾರಾ?

ಈ ನಡಾವಳಿ ಪುಸ್ತಕಗಳಿಂದಲೇ ಇವರ ವಸ್ತುಗಳಿಗೆ ಬೆಲೆ. ಬರೀ ಒಂದು ಹಳೇ ಕರಣೆ ಇಟ್ಟುಕೊಂಡು ಏನು ಮಾಡೋದು? ಅದು ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಬರೆದಿರಬೇಕು.

ಹಡ್ಸನ್ ಕನ್ನಡಿಗ

ಕರಣೆ ಅಂದ್ರಲ್ಲ ಮೇಷ್ಟ್ರೇ, ಅದರದ್ದೇ ಒಂದು ಕಥೆ ಇದೆ. 1793ರ ಸೆಪ್ಟೆಂಬರ್ 18ರಂದು ಜಾರ್ಜ್ ವಾಷಿಂಗ್ಟನ್ ಅಮೆರಿಕದ ಸಂಸತ್ ಭವನಕ್ಕೆ, ಅಂದರೆ ಕ್ಯಾಪಿಟಲ್‌ಗೆ, ಮೂಲೆಗಲ್ಲು ಇಟ್ಟ. ಮೇಸನ್ ಪದ್ಧತಿಯಲ್ಲೇ, ಏಪ್ರನ್ ಕಟ್ಟಿಕೊಂಡು. ಕಲ್ಲಿನ ಕೆಳಗೆ ಬೆಳ್ಳಿಯ ಫಲಕ ಇಟ್ಟರು, ಮೇಲೆ ಧಾನ್ಯ, ದ್ರಾಕ್ಷಾರಸ, ಎಣ್ಣೆ ಅರ್ಪಿಸಿದರು. ಆಮೇಲೆ 500 ಪೌಂಡ್ ತೂಕದ ಒಂದು ಎತ್ತನ್ನ ಸುಟ್ಟು ಊರಿಗೆಲ್ಲ ಊಟ ಹಾಕಿದರು.

ಈಗ ತಮಾಷೆ ನೋಡಿ. ಅವತ್ತು ಬಳಸಿದ ಕರಣೆ ಇದೆ. ಬೆಳ್ಳಿ ಅಲಗು, ದಂತದ ಹಿಡಿ. ಅಲೆಕ್ಸಾಂಡ್ರಿಯಾದ ಲಾಡ್ಜ್ ನಂ. 22ರ ಹತ್ತಿರ ಜೋಪಾನವಾಗಿದೆ. 1848ರಲ್ಲಿ ವಾಷಿಂಗ್ಟನ್ ಸ್ಮಾರಕಕ್ಕೆ ಕಲ್ಲು ಇಡುವಾಗಲೂ ಅದನ್ನೇ ತಂದರು. ಸುತ್ತಿಗೆಯೂ ಇದೆ, ಇನ್ನೊಂದು ಲಾಡ್ಜಿನಲ್ಲಿ. ಆದರೆ ಆ ಮೂಲೆಗಲ್ಲು ಮಾತ್ರ ಪತ್ತೆ ಇಲ್ಲ! ಕಟ್ಟಡ ಬೆಳೆಯುತ್ತಾ ಹೋಯಿತು, ಕಲ್ಲು ಎಲ್ಲೋ ಒಳಗೆ ಸೇರಿಹೋಯಿತು. ಬೆಳ್ಳಿ ಫಲಕ ಸಿಗಬಹುದು ಅಂತ ಲೋಹ ಹುಡುಕುವ ಯಂತ್ರ ಹಿಡಿದು ನೋಡಿದರು. ಅದೂ ಸಿಗಲಿಲ್ಲ.

ಇನ್ನೊಂದು ಇಲ್ಲೇ ನ್ಯೂಯಾರ್ಕ್‌ನದ್ದು. 1789ರ ಏಪ್ರಿಲ್ 30, ವಾಷಿಂಗ್ಟನ್ ಮೊದಲ ಅಧ್ಯಕ್ಷನಾಗಿ ಪ್ರಮಾಣವಚನ ತೆಗೆದುಕೊಳ್ಳುವ ದಿನ. ವಾಲ್ ಸ್ಟ್ರೀಟಿನ ಫೆಡರಲ್ ಹಾಲ್. ಕೆಳಗೆ ಬೀದಿ ತುಂಬಾ ಜನ. ಎಲ್ಲಾ ತಯಾರಿ ಆಗಿದೆ, ಬೈಬಲ್ ಮಾತ್ರ ಇಲ್ಲ! ಮೆರವಣಿಗೆ ಉಸ್ತುವಾರಿ ನೋಡುತ್ತಿದ್ದ ಜೇಕಬ್ ಮಾರ್ಟನ್ ಅನ್ನುವವನು ಸೇಂಟ್ ಜಾನ್ಸ್ ಲಾಡ್ಜ್ ನಂ. 1ರ ಮಾಸ್ಟರ್, ಅಂದರೆ ಮುಖ್ಯಸ್ಥ. ಲಾಡ್ಜ್ ಸೇರುತ್ತಿದ್ದ ಕಾಫಿ ಹೌಸ್ ಅದೇ ಬೀದಿಯಲ್ಲಿ ಹತ್ತಿರವೇ ಇತ್ತು. ಹೋಗಿ ಲಾಡ್ಜಿನ ಪೀಠದ ಮೇಲಿದ್ದ ಬೈಬಲ್ ತಂದ. 1767ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪ್ರತಿ ಅದು. ಅವಸರದಲ್ಲಿ ಪುಸ್ತಕ ಸುಮ್ನೆ ಒಂದು ಕಡೆ ತೆರೆದುಕೊಂಡಿತು, ಆದಿಕಾಂಡದ 49–50ನೇ ಅಧ್ಯಾಯದ ಹತ್ತಿರ. ವಾಷಿಂಗ್ಟನ್ ಅದರ ಮೇಲೇ ಕೈ ಇಟ್ಟ. ಪ್ರಮಾಣ ಬೋಧಿಸಿದ ರಾಬರ್ಟ್ ಲಿವಿಂಗ್‌ಸ್ಟನ್ ನ್ಯೂಯಾರ್ಕಿನ ಗ್ರ್ಯಾಂಡ್ ಮಾಸ್ಟರ್, ಅಂದರೆ ಅಲ್ಲಿನ ಗ್ರ್ಯಾಂಡ್ ಲಾಡ್ಜಿನ ಮುಖ್ಯಸ್ಥ.

ಆ ಪುಸ್ತಕ ಇವತ್ತಿಗೂ ಆ ಲಾಡ್ಜಿನದ್ದೇ. 1921ರಲ್ಲಿ ಹಾರ್ಡಿಂಗ್, 1953ರಲ್ಲಿ ಐಸೆನ್‌ಹೋವರ್, 1977ರಲ್ಲಿ ಕಾರ್ಟರ್, 1989ರಲ್ಲಿ ಹಿರಿಯ ಬುಷ್ ಅದರ ಮೇಲೆ ಪ್ರಮಾಣ ಮಾಡಿದರು. 2001ರಲ್ಲಿ ಮಗ ಬುಷ್‌ಗೂ ಆಸೆ ಇತ್ತು, ಪುಸ್ತಕವನ್ನ ವಾಷಿಂಗ್ಟನ್ನಿಗೆ ತಂದೂ ಆಗಿತ್ತು. ಮಳೆ ಬಂತು. ನೆನೆದರೆ ಗತಿ ಏನು ಅಂತ ಹೊರಗೆ ತೆಗೆಯಲೇ ಇಲ್ಲ.

ಬೆಳ್ಳಿ ಬಟ್ಟಲು

ವಾಷಿಂಗ್ಟನ್ ವಿಷಯ ಬಂತಲ್ಲ, ಕೂದಲಿನ ಕಥೆ ಹೇಳಲೇಬೇಕು. ಅವನು ತೀರಿಕೊಂಡ ಮುಂದಿನ ತಿಂಗಳು, 1800ರ ಜನವರಿಯಲ್ಲಿ, ಮ್ಯಾಸಚೂಸೆಟ್ಸ್ ಗ್ರ್ಯಾಂಡ್ ಲಾಡ್ಜ್‌ನವರು ಅವನ ಹೆಂಡತಿ ಮಾರ್ಥಾಗೆ ಸಂತಾಪ ಪತ್ರ ಬರೆದರು. ಅದರಲ್ಲೇ "ಅವರ ಒಂದಿಷ್ಟು ಕೂದಲು ಕೊಡಬಹುದಾ" ಅಂತ ಕೇಳಿದರು. ಈಗ ಕೇಳಿದರೆ ಒಂಥರಾ ಅನ್ನಿಸುತ್ತೆ. ಆಗ ಸತ್ತವರ ಕೂದಲು ಇಟ್ಟುಕೊಳ್ಳುವುದು ಮಾಮೂಲು. ಮಾರ್ಥಾ ಕಳಿಸಿಕೊಟ್ಟರು.

ಅದನ್ನ ಇಡೋಕೆ ಚಿನ್ನದ ಪುಟ್ಟ ಕಲಶ ಮಾಡಿದವನು ಪಾಲ್ ರಿವೀರ್, ಬಾಸ್ಟನ್ನಿನ ಬೆಳ್ಳಿ ಕೆಲಸದವನು. ಅವನೂ ಅದೇ ಗ್ರ್ಯಾಂಡ್ ಲಾಡ್ಜಿನ ಗ್ರ್ಯಾಂಡ್ ಮಾಸ್ಟರ್ ಆಗಿದ್ದವನೇ. ಕಲಶ 4 ಇಂಚಿಗೂ ಒಂಚೂರು ಕಮ್ಮಿ ಎತ್ತರ, ಅಂಗೈ ಮೇಲೆ ಕೂರುತ್ತೆ. ಇವತ್ತಿಗೂ ಅಲ್ಲಿ ಹೊಸ ಗ್ರ್ಯಾಂಡ್ ಮಾಸ್ಟರ್ ಬಂದಾಗ ಹಳಬರು ಆ ಕಲಶವನ್ನ ಅವರ ಕೈಗೆ ಕೊಡುತ್ತಾರೆ. 200 ವರ್ಷ ದಾಟಿತು.

ದಾಖಲೆ ತೋರ್ಸಿ

ಇವೆಲ್ಲ ದಾಖಲೆ ಇರುವ ಕಥೆಗಳು, ಒಪ್ಪಿದೆ. ಆದರೆ ಫ್ರೀಮೇಸನ್ ವಸ್ತು ಅಂದ ತಕ್ಷಣ ಕಾಗೆ ಹಾರಿಸುವವರೂ ಬಹಳ. ಎರಡು ಉದಾಹರಣೆ ಕೊಡ್ತೀನಿ.

ಸ್ಕಾಟ್‌ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪ. ಅಲ್ಲಿ ಕಿರ್ಕ್‌ವಾಲ್ ಊರಿನ ಲಾಡ್ಜಿನಲ್ಲಿ ಒಂದು ದೊಡ್ಡ ಬಟ್ಟೆ ನೇತುಹಾಕಿದ್ದಾರೆ. ಉದ್ದ 18 ಅಡಿಗೂ ಜಾಸ್ತಿ, ಅಗಲ ಐದೂವರೆ ಅಡಿ, ತುಂಬಾ ಚಿತ್ರ. ಇದು ಮಧ್ಯಯುಗದ್ದು, ಟೆಂಪ್ಲರ್ ಅನ್ನುವ ಆ ಕಾಲದ ಕ್ರೈಸ್ತ ಯೋಧರ ಗುಟ್ಟು ಇದರಲ್ಲಿದೆ ಅಂತ ಒಬ್ಬರು ಪುಸ್ತಕ ಬರೆದರು. 2000ದ ಹೊತ್ತಿಗೆ ಬಟ್ಟೆಯ ಚೂರು ತೆಗೆದು ಕಾರ್ಬನ್ ಪರೀಕ್ಷೆ ಮಾಡಿಸಿದರು. ಒಂದು ಚೂರು 15ನೇ ಶತಮಾನ ಅಂತ ಬಂತು, ಇನ್ನೊಂದು 18–19ನೇ ಶತಮಾನ. ಪೇಪರ್‌ನವರು ಮೊದಲನೇದನ್ನ ಹಿಡಿದುಕೊಂಡು ಕುಣಿದರು.

ಚಿತ್ರ ನೋಡಿದರೆ ಸಾಕಿತ್ತು. ಅದರಲ್ಲಿ ಇಂಗ್ಲೆಂಡಿನ 'ಏನ್ಶೆಂಟ್ಸ್' ಅನ್ನುವ ಗ್ರ್ಯಾಂಡ್ ಲಾಡ್ಜಿನ ಲಾಂಛನ ಇದೆ. ಆ ಗ್ರ್ಯಾಂಡ್ ಲಾಡ್ಜ್ ಹುಟ್ಟಿದ್ದೇ 1751ರಲ್ಲಿ. ಬಟ್ಟೆ ಎಷ್ಟಾದರೂ ಹಳೇದಿರಲಿ, ಮೇಲಿನ ಬಣ್ಣ 1751ಕ್ಕಿಂತ ಹಳೇದಾಗಲು ಸಾಧ್ಯವಿಲ್ಲ. ಜೊತೆಗೆ ಲಾಡ್ಜಿನ ನಡಾವಳಿಯಲ್ಲಿ 1786ರಲ್ಲಿ ವಿಲಿಯಂ ಗ್ರೇಮ್ ಅನ್ನುವ ಸದಸ್ಯ ನೆಲಕ್ಕೆ ಹಾಸುವ ಬಟ್ಟೆ ಒಂದನ್ನ ಕೊಟ್ಟ ಅಂತ ಬರೆದಿದೆ. ಮೇಷ್ಟ್ರು ಹೇಳಿದ್ದೇ ಮಾತು.

ಎರಡನೇದು ಜರ್ಮನಿಯ ಪುಟ್ಟ ನೀಲಿ ಹೂವಿನ ಪಿನ್. 'ಮರೆಯಬೇಡ ನನ್ನ' ಅಂತ ಹೆಸರಿನ ಹೂವು. ಹಿಟ್ಲರ್ ಕಾಲದಲ್ಲಿ ಮೇಸನ್‌ಗಳು ಜೀವ ಪಣಕ್ಕಿಟ್ಟು ಇದನ್ನ ಗುಟ್ಟಿನ ಗುರುತಾಗಿ ಧರಿಸುತ್ತಿದ್ದರು ಅಂತ ಎಲ್ಲಾ ಕಡೆ ಓದುತ್ತೀರಿ. ನಿಜ ಏನು? 1926ರಲ್ಲಿ ಒಂದು ಗ್ರ್ಯಾಂಡ್ ಲಾಡ್ಜ್ ತನ್ನ ವಾರ್ಷಿಕ ಸಭೆಗೆ ಈ ಹೂವಿನ ಪಿನ್ ಮಾಡಿಸಿತ್ತು. 1938ರಲ್ಲಿ ನಾಜಿಗಳದ್ದೇ ಚಳಿಗಾಲದ ನೆರವಿನ ಚಂದಾ ಅಭಿಯಾನಕ್ಕೆ ಅದೇ ಹೂವು ಬಂತು. ಚಂದಾ ಕೊಟ್ಟ ಲಕ್ಷಾಂತರ ಜನ ಎದೆ ಮೇಲೆ ಸಿಕ್ಕಿಸಿಕೊಂಡು ಓಡಾಡಿದರು. ಊರಿಗೆ ಊರೇ ಹಾಕಿಕೊಂಡದ್ದು ಗುಟ್ಟಿನ ಗುರುತು ಹೇಗಾಗುತ್ತೆ? ಯುದ್ಧ ಮುಗಿದು 1948ರಲ್ಲಿ ಜರ್ಮನ್ ಮೇಸನ್‌ಗಳು ಮತ್ತೆ ಸೇರಿದಾಗ ಆ ಹೂವನ್ನ ಗುರುತಾಗಿ ತೆಗೆದುಕೊಂಡರು. ವೀರಗಾಥೆ ಆಮೇಲೆ ಅಂಟಿದ್ದು.

ಥೇಮ್ಸ್ ದಂಡೆ

ಹೂವಿನ ಕಥೆ ಸರಿ. ಆದರೆ ನಾಜಿಗಳ ಕಾಟ ಸುಳ್ಳಲ್ಲ ಅನ್ನೋದನ್ನೂ ಹೇಳಿಬಿಡಿ. ಅವರು ಲಾಡ್ಜ್‌ಗಳನ್ನೆಲ್ಲ ಮುಚ್ಚಿಸಿದರು. ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪ ಹಿಡಿದ ಮೇಲೆ, 1941ರಲ್ಲಿ, ಅಲ್ಲಿನ ಮೇಸನ್ ಮಂದಿರದಿಂದ ಸಾಮಾನೆಲ್ಲ ಹೇರಿಕೊಂಡು ಬರ್ಲಿನ್ನಿಗೆ ಸಾಗಿಸಿದರು. ಮೇಸನ್‌ಗಳನ್ನ ಹಳಿಯುವ ಪ್ರದರ್ಶನ ಮಾಡಲಿಕ್ಕೆ!

ದಾಖಲೆ ತೋರ್ಸಿ

ಹೌದು, ಅದನ್ನ ನಾನು ಅಲ್ಲಗಳೆಯಲಿಲ್ಲ. ಪಿನ್ ಬಗ್ಗೆ ಮಾತ್ರ ಹೇಳಿದ್ದು.

ಬೆಳ್ಳಿ ಬಟ್ಟಲು

ನಿಮಗೆ ಒಂದು ಸವಾಲು. ಐರ್ಲೆಂಡಿನ ಲಿಮರಿಕ್‌ನಲ್ಲಿ ಬಾಲ್ಸ್ ಬ್ರಿಜ್ ಅಂತ ಹಳೇ ಸೇತುವೆ ಇತ್ತು. 1830ರಲ್ಲಿ ಅದನ್ನ ಕೆಡವಿ ಹೊಸದು ಕಟ್ಟುವಾಗ ಬುಡದಲ್ಲಿ ಒಂದು ಹಿತ್ತಾಳೆ ಮೂಲೆಮಟ್ಟ ಸಿಕ್ಕಿತು. ಸವೆದುಹೋಗಿದೆ. ಮೇಲೆ 1507 ಅಂತ ಇಸವಿ. ಎರಡೂ ಬದಿಗೆ ಒಂದು ಸಾಲು ಕೆತ್ತಿದೆ: ಪ್ರೀತಿ, ಎಚ್ಚರದಿಂದ ಬಾಳಲು ಹೆಣಗುವೆ, ಮಟ್ಟದ ಮೇಲೆ, ಮೂಲೆಮಟ್ಟದ ಪ್ರಕಾರ ಅನ್ನುವ ಅರ್ಥದ್ದು. ಇದಕ್ಕೂ ಲಾಂಛನದ ಲೆಕ್ಕ ಹಾಕ್ತೀರಾ?

ದಾಖಲೆ ತೋರ್ಸಿ

ಇಲ್ಲ ಮೇಡಂ, ಇದು ನನಗೂ ಇಷ್ಟ. ಇಸವಿ ಯಾರು ಬೇಕಾದರೂ ಕೆತ್ತಬಹುದು, ಅದನ್ನೊಂದೇ ನಂಬಬಾರದು. ಆದರೆ ಸಿಕ್ಕ ಜಾಗ ಸೇತುವೆಯ ಬುಡ, ಸಿಕ್ಕಿದ್ದು ಕಟ್ಟಡ ಕೆಲಸದವರ ಕೈಗೆ. ಅಂಗಡಿಯಲ್ಲಿ ಸಿಕ್ಕಿದ್ದಕ್ಕೂ ಅಡಿಪಾಯದಲ್ಲಿ ಸಿಕ್ಕಿದ್ದಕ್ಕೂ ವ್ಯತ್ಯಾಸ ಇದೆ.

ಹಡ್ಸನ್ ಕನ್ನಡಿಗ

ಚಿನ್ನ, ಬೆಳ್ಳಿ ಎಲ್ಲಾ ಆಯಿತು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದು ಕಾಗದ. ಪ್ರಿನ್ಸ್ ಹಾಲ್ ಬಾಸ್ಟನ್ನಿನ ಕಪ್ಪು ಜನಾಂಗದವನು. 'ಪ್ರಿನ್ಸ್' ಅವನ ಹೆಸರು, ರಾಜಕುಮಾರ ಅಲ್ಲ. ಅವನನ್ನೂ ಇನ್ನೂ 14 ಜನರನ್ನೂ 1775ರಲ್ಲಿ ಬ್ರಿಟಿಷ್ ಸೇನೆಯ ಜೊತೆಗಿದ್ದ ಐರಿಷ್ ಲಾಡ್ಜ್ ಒಂದು ಸೇರಿಸಿಕೊಂಡಿತು. ಊರಿನ ಬಿಳಿಯರ ಲಾಡ್ಜ್‌ಗಳು ಇವರನ್ನ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ನೇರ ಲಂಡನ್ನಿಗೇ ಬರೆದರು.

ಲಂಡನ್ ಒಪ್ಪಿ 1784ರ ಸೆಪ್ಟೆಂಬರ್ 29ರಂದು ಅನುಮತಿ ಪತ್ರ ಬರೆಯಿತು. ಆಫ್ರಿಕನ್ ಲಾಡ್ಜ್ ನಂ. 459. ಅದು ಬಾಸ್ಟನ್ ಮುಟ್ಟಿದ್ದು 1787ರ ಏಪ್ರಿಲ್ 29ಕ್ಕೆ! ಸಹಿ ಆಗಿ ಎರಡೂವರೆ ವರ್ಷ. ಹಡಗಿನ ಕ್ಯಾಪ್ಟನ್ ಜೇಮ್ಸ್ ಸ್ಕಾಟ್ ತಂದುಕೊಟ್ಟ. ಅಮೆರಿಕ ಆಗಲೇ ಸ್ವತಂತ್ರ ಆಗಿತ್ತು, ಆದರೂ ಇವರಿಗೆ ಬಾಗಿಲು ತೆರೆದದ್ದು ಸೋತು ಹೋದ ಇಂಗ್ಲೆಂಡು. ಇವತ್ತು ಅಮೆರಿಕದ ಕಪ್ಪು ಮೇಸನ್‌ಗಳ ದೊಡ್ಡ ಸಂಸ್ಥೆಗೆ ಪ್ರಿನ್ಸ್ ಹಾಲ್ ಹೆಸರೇ ಇದೆ, ಬೇರು ಈ ಕಾಗದವೇ. 1869ರಲ್ಲಿ ಅವರ ಲಾಡ್ಜಿಗೆ ಬೆಂಕಿ ಬಿತ್ತು. ಗ್ರ್ಯಾಂಡ್ ಮಾಸ್ಟರ್ ಒಳಗೆ ನುಗ್ಗಿ ಅದನ್ನ ತಂದ. ಅಂಚು ಸುಟ್ಟಿದೆ, ಅಕ್ಷರ ಉಳಿದಿದೆ.

ಪೇಟೆ ಸುತ್ತಾಟ

ಅಬ್ಬಾ, ಒಂದು ಪದಕ ಕೇಳಿದ್ದಕ್ಕೆ ಇಷ್ಟೆಲ್ಲ ಸಿಕ್ಕಿತು. ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಕಡೆಯವರದ್ದು ಏನಾದರೂ ಇದೆಯಾ? ಭಾರತದಲ್ಲಿ ಬ್ರಿಟಿಷರು ಮಾತ್ರ ಸೇರುತ್ತಿದ್ದರಾ?

ಮೈಸೂರು ಮೇಷ್ಟ್ರು

ಹಾಗೇನಿಲ್ಲ. ಆದರೆ ಸುಲಭವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಬೊಂಬಾಯಿಯ ಪಾರ್ಸಿ ಮಾಣೆಕ್‌ಜಿ ಕರ್ಸೆಟ್‌ಜಿಯವರನ್ನ ಅಲ್ಲಿನ ಲಾಡ್ಜ್ ಬೇಡ ಅಂದಿತ್ತು. ಅವರು ಪ್ಯಾರಿಸ್‌ಗೆ ಹೋಗಿ ಸೇರಿಕೊಂಡು ಬಂದರು. ಭಾರತೀಯರಿಗೂ ಜಾಗ ಇರಲಿ ಅಂತ 1843ರಲ್ಲಿ ಬೊಂಬಾಯಿಯಲ್ಲೇ ಒಂದು ಲಾಡ್ಜ್ ಶುರುವಾಯಿತು. ಕಲ್ಕತ್ತದಲ್ಲಿ ಪ್ರಸನ್ನ ಕುಮಾರ್ ದತ್ ಅವರು ವರ್ಷಗಟ್ಟಲೆ ಪಟ್ಟು ಹಿಡಿದು 1872ರಲ್ಲಿ ಒಳಗೆ ಹೋದರು. ನರೇಂದ್ರನಾಥ ದತ್ತ ಅಂದರೆ ಆಮೇಲಿನ ವಿವೇಕಾನಂದರು, ಅವರೂ 1884ರಲ್ಲಿ ಕಲ್ಕತ್ತದ ಲಾಡ್ಜ್ ಸೇರಿದ್ದರು. ನಮ್ಮದೇ ಗ್ರ್ಯಾಂಡ್ ಲಾಡ್ಜ್ ಆಗಿದ್ದು 1961ರಲ್ಲಿ, ರಾಂಪುರದ ನವಾಬರು ಮೊದಲ ಗ್ರ್ಯಾಂಡ್ ಮಾಸ್ಟರ್. ಇಲ್ಲಿನ ಲಾಡ್ಜ್‌ಗಳಲ್ಲಿ ಪೀಠದ ಮೇಲೆ ಗೀತೆ, ಕುರಾನ್, ಬೈಬಲ್ ಎಲ್ಲಾ ಒಟ್ಟಿಗೆ ಇಡುತ್ತಾರೆ.

ಆದರೆ ವಸ್ತುವಿನ ಕಥೆ ಬೇಕು ಅಂದರೆ ಇದಕ್ಕೆಲ್ಲ ಎಷ್ಟೋ ಹಿಂದಿನದ್ದು ಒಂದಿದೆ. ಆರ್ಕಾಟಿನ ನವಾಬ ಮುಹಮ್ಮದ್ ಅಲಿ ವಾಲಾಜಾ, ಅದೇ ಹೈದರಾಲಿಯ ಜೊತೆ ಜನ್ಮದ ಜಗಳ ಇದ್ದವನು. ಅವನ ಹಿರಿಯ ಮಗ ಉಮ್ದತ್-ಉಲ್-ಉಮ್ರಾ. 1770ರ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿ ಮೇಸನ್ ಆದ. ಈ ಸುದ್ದಿ ಲಂಡನ್ನಿಗೆ ಮುಟ್ಟಿದಾಗ ಅವರಿಗೆ ಹಿಗ್ಗೋ ಹಿಗ್ಗು. ಅಲಂಕಾರ ಮಾಡಿಸಿದ ನೀಲಿ ಏಪ್ರನ್, ಜೊತೆಗೆ ಭರ್ಜರಿ ರಟ್ಟು ಕಟ್ಟಿಸಿದ ತಮ್ಮ ನಿಯಮಾವಳಿ ಪುಸ್ತಕ ಕಳಿಸಿದರು. ತಲುಪಿಸುವ ಕೆಲಸ ಬಂಗಾಳದ ಅಡ್ವೊಕೇಟ್ ಜನರಲ್ ಸರ್ ಜಾನ್ ಡೇ ಅವರಿಗೆ ಬಿತ್ತು.

1780ರಲ್ಲಿ ಉತ್ತರ ಹೋಯಿತು. ಫಾರ್ಸಿಯಲ್ಲಿ ಬರೆದದ್ದು, ಜರಿ ಬಟ್ಟೆಯಲ್ಲಿ ಸುತ್ತಿದ್ದು. ಗ್ರ್ಯಾಂಡ್ ಲಾಡ್ಜ್‌ನವರು ಅನುವಾದ ಮಾಡಿಸಿ, ಚರ್ಮಪತ್ರದ ಮೇಲೆ ಬರೆಸಿ, ಮೂಲ ಪತ್ರದ ಜೊತೆಗೇ ಗಾಜು ಹಾಕಿಸಿ, ಸಭೆ ಇರುವಾಗೆಲ್ಲ ಗೋಡೆಗೆ ತೂಗುಹಾಕಬೇಕು ಅಂತ ತೀರ್ಮಾನ ಬರೆದರು. ಲಂಡನ್ನಿನ ಗೋಡೆಯ ಮೇಲೆ ನಮ್ಮ ಕಡೆಯ ನವಾಬಜಾದೆಯ ಪತ್ರ. ಹೈದರ್ ಕರ್ನಾಟಿಕ್ ಮೇಲೆ, ಅಂದರೆ ಆರ್ಕಾಟಿನ ನವಾಬರ ರಾಜ್ಯದ ಮೇಲೆ, ದಂಡೆತ್ತಿ ಹೋಗಿದ್ದೂ ಅದೇ 1780ರಲ್ಲಿ!

ಸುಮ್ನೆ ಕೇಳ್ದೆ

ಮೇಷ್ಟ್ರೇ, ಮೇಸನ್‌ಗಳು ಒಬ್ಬರಿಗೊಬ್ಬರು ಬ್ರದರ್ ಅಂತಾರಲ್ವಾ. ಆಮೇಲೆ ಇಂಗ್ಲಿಷರು ಈ ಬ್ರದರ್‌ಗೆ ಏನು ಮಾಡಿದರು?

ಮೈಸೂರು ಮೇಷ್ಟ್ರು

ಒಳ್ಳೇ ಪ್ರಶ್ನೆ. 1795ರಲ್ಲಿ ಅಪ್ಪ ಸತ್ತ ಮೇಲೆ ಉಮ್ದತ್ ನವಾಬ ಆದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅರಮನೆಯ ಫಾರ್ಸಿ ಕಾಗದಗಳನ್ನೆಲ್ಲ ಇಂಗ್ಲಿಷರು ಜಾಲಾಡಿದರು. ಟಿಪ್ಪುವಿನ ಇಬ್ಬರು ಗಂಡುಮಕ್ಕಳು ಒತ್ತೆಯಾಗಿ ಮದ್ರಾಸಿನಲ್ಲಿದ್ದರಲ್ಲ, ಅವರ ಜೊತೆ ಹೋಗಿದ್ದ ವಕೀಲರು, ಅಂದರೆ ಟಿಪ್ಪುವಿನ ದೂತರು, ಬರೆದ ಪತ್ರಗಳು ಸಿಕ್ಕವು. ಅವುಗಳಲ್ಲಿ ನವಾಬ ಅಪ್ಪ–ಮಗ ಟಿಪ್ಪು ಬಗ್ಗೆ ಸ್ನೇಹದಿಂದ ಮಾತಾಡಿದ್ದರು ಅಂತ ಇತ್ತು. ಹೆಚ್ಚೇನೂ ಇಲ್ಲ, ಉಭಯಕುಶಲೋಪರಿ ಅಂತಾರಲ್ಲ ಅಂಥದ್ದೇ ಜಾಸ್ತಿ. ಆದರೆ ರಾಜ್ಯ ನುಂಗಲು ನೆಪ ಬೇಕಿತ್ತು. 1801ರ ಜುಲೈನಲ್ಲಿ ಉಮ್ದತ್ ತೀರಿಕೊಂಡ. ಅದೇ ತಿಂಗಳು ಕರ್ನಾಟಿಕ್ ಪೂರ್ತಿ ಕಂಪನಿಯ ಕೈಗೆ ಹೋಯಿತು.

ಇದನ್ನ ಮಾಡಿಸಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ. ಅವನು 1782ರಲ್ಲಿ ಐರ್ಲೆಂಡಿನ ಗ್ರ್ಯಾಂಡ್ ಮಾಸ್ಟರ್ ಆಗಿದ್ದ. ಅವನ ಅಪ್ಪನೂ ಆಗಿದ್ದ.

ದಾಖಲೆ ತೋರ್ಸಿ

ಇದಕ್ಕೆ ಒಂದು ಬಾಲ ಸೇರಿಸ್ತೀನಿ. ಆ ಕಾಗದಗಳ ಜೊತೆ ಗುಪ್ತ ಹೆಸರುಗಳ ಪಟ್ಟಿಯೂ ಸಿಕ್ಕಿತ್ತು. ಅದನ್ನೇ ಇಂಗ್ಲಿಷರು ದೊಡ್ಡ ಸಾಕ್ಷಿ ಅಂದರು. ಅದರಲ್ಲಿ ವಾಲಾಜಾಗೆ 'ಮನುಕುಲದ ಗೆಳೆಯ', ಇಂಗ್ಲಿಷರಿಗೆ 'ಹೊಸದಾಗಿ ಬಂದವರು', ಹೈದರಾಬಾದಿನ ನಿಜಾಮನಿಗೆ 'ಏನೂ ಇಲ್ಲ' ಅಂತ ಹೆಸರು. ಶ್ರೀರಂಗಪಟ್ಟಣಕ್ಕೆ ಇಂಗ್ಲಿಷರ ಜೊತೆ ಸೈನ್ಯ ಕಳಿಸಿದವನು ಅದೇ ನಿಜಾಮ. ಪಟ್ಟಿ ಓದಿ ಅವನಿಗೆ ಬೇಜಾರಾಗಿರಬೇಕು.